ಎರಡು ದಡದ ಜಿಂಕೆಗಳು

ಆನೆಯೂ ಕಾಡುಕೋಣವೂ ಕೂಡಿ ಹುಲಿಯನ್ನು ಕಾಡಿನಿಂದ ಓಡಿಸಿದವು. ಹುಲಿ ಹೋದ ಮೇಲೆ ಒಂದಕ್ಕೆ ಇನ್ನೊಂದರ ಮೇಲೆ ಅನುಮಾನ ಹುಟ್ಟಿತು. ಹೊಳೆಯ ಈಚೆ ದಡ ತನ್ನದೆಂದು ಆನೆ ಸಾರಿತು, ಆಚೆ ದಡ ತನ್ನದೆಂದು ಕೋಣ ಸಾರಿತು. ಆ ಹೊತ್ತಿಗೆ ಯಾವ ಜಿಂಕೆ ಎಲ್ಲಿ ಮೇಯುತ್ತಿತ್ತೋ ಅದು ಆ ದಡದ್ದಾಯಿತು. ಹೀಗೆ ಒಂದೇ ತಾಯಿಯ ಮಕ್ಕಳಲ್ಲಿ ಅಕ್ಕ ಆನೆಯ ಕಡೆ ಉಳಿದಳು, ತಂಗಿ ಕೋಣದ ಕಡೆ. ಎದುರು ದಡದವರ ಮಾತನ್ನು ಯಾರೂ ನಂಬಕೂಡದೆಂದು ಎರಡೂ ಕಡೆ ಅಪ್ಪಣೆಯಾಯಿತು.

ಒಂದು ಬೆಳಿಗ್ಗೆ ಆಚೆ ದಡದ ಪೊದೆಯಲ್ಲಿ ಸೀಳುನಾಯಿಗಳು ಹೊಂಚು ಹಾಕಿರುವುದು ಅಕ್ಕನ ಕಣ್ಣಿಗೆ ಬಿತ್ತು.

"ಸುಮ್ಮನಿರು," ಎಂದಿತು ಆನೆ. "ಆಚೆ ದಡದವರು ಕಡಿಮೆಯಾದಷ್ಟೂ ನಮಗೆ ಒಳ್ಳೆಯದು."

ಅಕ್ಕನಿಗೆ ಸುಮ್ಮನಿರಲಾಗಲಿಲ್ಲ. "ನಾಯಿಗಳು ಬಂದಿವೆ, ಓಡಿ" ಎಂದು ಕೂಗಿದಳು.

ಆಚೆ ಕೋಣ ತನ್ನವರಿಗೆ, "ಇದು ಶತ್ರುವಿನ ಮೋಸ. ಯಾರೂ ಕದಲಬೇಡಿ" ಎಂದಿತು. ಜಿಂಕೆಗಳು ನಿಂತಲ್ಲೇ ನಿಂತವು. ತಂಗಿಯೊಬ್ಬಳೇ ಓಡಿದಳು. ಉಳಿದವರಲ್ಲಿ ಹಲವರು ನಾಯಿಗಳ ಬಾಯಿಗೆ ಬಿದ್ದರು.

ಸಂಜೆ ಕೋಣ ಅವಳನ್ನು ಕರೆಸಿ ಕೇಳಿತು: "ಶತ್ರುವಿನ ಕೂಗನ್ನು ಯಾಕೆ ನಂಬಿದೆ?"

"ನನಗೆ ಕೇಳಿಸಿದ್ದು ನಮ್ಮಕ್ಕನ ದನಿ," ಎಂದಳು ತಂಗಿ.

"ಹಾಗಾದರೆ ನೀನು ಅವರ ಕಡೆಯವಳು. ಇಲ್ಲಿಂದ ಹೊರಡು."

ಈಚೆ ದಡದಲ್ಲಿ ಆನೆಯೂ ಅಕ್ಕನಿಗೆ ಅದೇ ಮಾತು ಹೇಳಿತು.

ಹೊಳೆ ಹುಟ್ಟುವ ಬೋಳು ಗುಡ್ಡದ ಮೇಲೆ ಇಬ್ಬರೂ ಸೇರಿದರು. ಅಲ್ಲಿ ಹುಲ್ಲು ಕಡಿಮೆ, ನೆರಳೂ ಇರಲಿಲ್ಲ. ಆದರೆ ಒಬ್ಬಳು ತಲೆ ತಗ್ಗಿಸಿ ಮೇಯುವಾಗ ಇನ್ನೊಬ್ಬಳು ಕಿವಿ ನಿಮಿರಿಸಿ ಕಾವಲು ನಿಲ್ಲುತ್ತಿದ್ದಳು.