ದಿವಾನರ ಮನೆಯ ಮೊದಲ ಹಕ್ಕು

"ನೆಲದಡಿಯ ನೀರಿಗೆ ಕೊನೆಯೆಂಬುದೇ ಇಲ್ಲ, ಪ್ರಭು! ಎಷ್ಟು ಎಳೆದರೂ ಬರುತ್ತಲೇ ಇರುತ್ತದೆ" ಎಂದು ದಿವಾನ ಭುಜಂಗಯ್ಯ ತುಂಬಿದ ಸಭೆಯಲ್ಲಿ ಮೀಸೆ ನೀವಿಕೊಂಡ.

ಈ ದಿವಾನನ ಬಗ್ಗೆ ಒಂದು ಮಾತು ಹೇಳಿಯೇ ಮುಂದಕ್ಕೆ ಹೋಗುತ್ತೇನೆ. ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಹುಟ್ಟಿದಾಗಿನಿಂದ ಒಂದು ಕೊಡ ನೀರು ಸೇದಿದವನಲ್ಲ ಆಸಾಮಿ. ಆದರೂ ರಾಜ್ಯದಲ್ಲಿ ನೀರಿನ ವಿಷಯಕ್ಕೆ ಅವನ ಮಾತೇ ಕೊನೆ!

ರಾಜಧಾನಿ ಬೆಳೆದಿತ್ತು. ಊರೊಳಗಿನ ಬಾವಿಗಳನ್ನು ಮುಚ್ಚಿ ಮಹಡಿ ಮನೆ ಕಟ್ಟಿಸಿದ ಮಹಾನುಭಾವರಿಗೆ ಆಮೇಲೆ ಬಾಯಾರಿಕೆಯಾಯಿತು. ದಿಣ್ಣೆಯ ಮೇಲಿನ ಕಲ್ಲಹಟ್ಟಿಯ ಬಾವಿಗೆ ದಿವಾನ ಕಪಿಲೆ ಹೂಡಿಸಿದ. ಎತ್ತುಗಳು ಹಗಲೆಲ್ಲ ನೀರೆತ್ತಿ ತೊಟ್ಟಿಗೆ ಸುರಿಯುತ್ತಿದ್ದವು. ಅಲ್ಲಿಂದ ಅದು ಮಣ್ಣಿನ ಕೊಳವೆಯಲ್ಲಿ ಇಳಿದು ಪಟ್ಟಣ ಸೇರುತ್ತಿತ್ತು. ಮೊದಲು ಎಲ್ಲಿಗೆ ಅಂತೀರಿ? ದಿವಾನನ ಅಂಗಳದ ಕಾರಂಜಿಗೆ. ಆಮೇಲೆ ಅರಮನೆಗೆ. ಮಿಕ್ಕಿದ್ದರೆ ಪ್ರಜೆಗಳಿಗೆ.

ಆ ಬೇಸಿಗೆ ಕಲ್ಲಹಟ್ಟಿಯ ಸಿದ್ದವ್ವ ಖಾಲಿ ಕೊಡ ಹೊತ್ತು ಸಭೆಗೇ ಬಂದಳು.

"ಬುದ್ಧೀ, ಕೊಡ ಇಳಿಬಿಟ್ಟರೆ ಬರೀ ಕೆಸರು ಬರ್ತದೆ. ಮಕ್ಕಳಿಗೆ ಏನು ಕುಡಿಸಲಿ? ಕೊಳವೆ ಮುಚ್ಚಿಸಿ. ಇಲ್ಲ, ನಾವೇ ಊರು ಬಿಡ್ತೇವೆ."

"ಬಾವಿ ನಿನ್ನಪ್ಪನದೇನೇ?" ದಿವಾನ ಗದರಿದ.

ವಿದೂಷಕ ತಿರುಕಪ್ಪ ಎದ್ದು ಕೈಮುಗಿದ. "ಭೇಷಾಗಿ ಹೇಳಿದಿರಿ ಸ್ವಾಮಿ! ಹಾಗಾದರೆ ಯಾರದು?"

"ಕುಡಿಯುವವರದು!"

"ಮೊದಲ ಹಕ್ಕು?"

"ಮೊದಲು ಯಾರ ಮನೆಗೆ ನೀರು ಬರುತ್ತದೋ ಅವರದು. ಅಂದರೆ ನನ್ನದು."

"ಎರಡನೆಯದು ಅರಮನೆಯದು?"

"ಅದರಲ್ಲೇನು ಸಂಶಯ!"

ತಿರುಕಪ್ಪ ರಾಜನತ್ತ ತಿರುಗಿದ. "ಪ್ರಭು, ನಾಳೆ ಬಾವಿಕಟ್ಟೆಯ ಮೇಲೆ, ತಮ್ಮ ಸಮಕ್ಷಮದಲ್ಲಿ, ದಿವಾನರು ಈ ಹಕ್ಕು ವಹಿಸಿಕೊಳ್ಳಲಿ."

ರಾಜ ತಲೆಯಾಡಿಸಿದ. ಮರುದಿನ ದಿವಾನ ಜರಿಪೇಟ ಸುತ್ತಿಕೊಂಡು ಮದುಮಗನ ಹಾಗೆ ಬಂದಿಳಿದ. ಸಿದ್ದವ್ವ ಅವನ ಕಾಲ ಬಳಿ ಒಂದು ಮಂಕರಿ, ಒಂದು ಹಗ್ಗ ತಂದಿಟ್ಟಳು.

"ಇದೇನು? ಹಾರ ಎಲ್ಲಿ?"

"ನಮ್ಮೂರ ಕಟ್ಟಳೆ, ಬುದ್ಧೀ. ಬಾವಿ ಕೆಸರಾದಾಗ ನೀರು ಕುಡಿಯೋ ಮನೆಯವರೆಲ್ಲ ಇಳಿದು ಹೂಳೆತ್ತಬೇಕು. ಮೊದಲ ಹಕ್ಕಿನವರು ಮೊದಲು. ಆಳನ್ನ ಕಳಿಸೋ ಹಾಗಿಲ್ಲ, ಯಜಮಾನನೇ ಇಳೀಬೇಕು."

ದಿವಾನ ಬಿಳಿಚಿಕೊಂಡ. "ಪ್ರಭು, ನನಗೆ ಮಂಡಿನೋವು..."

"ನಿನ್ನೆ ಸಭೆಯಲ್ಲಿ ನೋವಿರಲಿಲ್ಲವಲ್ಲ? ಇಳಿಯಿರಿ" ಎಂದ ರಾಜ.

ಇಳಿಸಿದರು. ಆಹಾ, ಆ ನರಳಾಟ, ಆ ಶಾಪ! ಒಂದು ಮಂಕರಿ ಹೂಳು ತುಂಬುವಷ್ಟರಲ್ಲಿ ಅಯ್ಯೋ ಅಪ್ಪಾ ಎಂದು ಕೂಗಿಕೊಂಡ. ಮೇಲೆತ್ತಿದಾಗ ಎಮ್ಮೆಗೂ ಅವನಿಗೂ ಕೊಂಬಿನದೊಂದೇ ವ್ಯತ್ಯಾಸ.

"ನೀರು! ಮೈ ತೊಳೆಯಲು ಒಂದು ಕೊಡ ನೀರು ಕೊಡ್ರೋ!"

ತಿರುಕಪ್ಪ ವಿನಯದಿಂದ ಕೊಳವೆ ತೋರಿಸಿದ. "ಇದ್ದದ್ದೆಲ್ಲ ನಿಮ್ಮ ಮನೆಗೇ ಹೋಗಿದೆ ಸ್ವಾಮಿ. ಇದರ ಜೊತೆಯಲ್ಲೇ ನಡೆಯಿರಿ, ಸಂಜೆಯೊಳಗೆ ಸಿಗುತ್ತದೆ."

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಿದ್ದವನ ಮುಂದೆ ಸಿದ್ದವ್ವ ಖಾಲಿ ಮಂಕರಿ ಇಟ್ಟು ಕೈಮುಗಿದಳು.

"ಎರಡನೇ ಹಕ್ಕು, ಬುದ್ಧೀ."

ರಾಜ ಥಟ್ಟನೆ ಎರಡು ಹೆಜ್ಜೆ ಹಿಂದೆ ಸರಿದ. "ಕೊಳವೆ ಮುಚ್ಚಿ! ಈಗಲೇ! ಪಟ್ಟಣದಲ್ಲಿ ಮುಚ್ಚಿಸಿದ ಹಳೇ ಬಾವಿಗಳನ್ನು ಅಗೆಸಿ, ಮೊದಲು ದಿವಾನರ ಅಂಗಳದ್ದು!"

ಕೊಳವೆಯ ಬಾಯಿಗೆ ಮಣ್ಣು ಬಿದ್ದ ಮೇಲೆ ರಾಜ ಸುಧಾರಿಸಿಕೊಂಡು, ಕೊರಳ ಸರ ತೆಗೆದು ತಿರುಕಪ್ಪನ ಕೈಗಿತ್ತ. "ಅಲ್ಲಯ್ಯಾ, ನೆಲದ ನೀರಿಗೆ ಕೊನೆಯೇ ಇಲ್ಲ ಅಂದಿದ್ದರಲ್ಲ ಈ ದಿವಾನರು?"

"ಆಗ ಅವರು ಮೇಲೆ ನಿಂತಿದ್ದರು, ಪ್ರಭು. ಈಗ ಅದರ ಕೊನೆಯಲ್ಲೇ ನಿಂತು ಬಂದಿದ್ದಾರೆ."