ತಿದ್ದುವ ಕಿಣ್ವವನ್ನು ಹೊರಗಟ್ಟಿದ ಮಲೇರಿಯಾ ಜೀವಿ

ಕಣ್ಣಿಗೆ ಕಾಣದ ಕಣದಲ್ಲೂ ನೆಲೆಸಿ ಜೀವದ ಎಳೆ ಕಾಯುವ ಸ್ವಾಮಿಗೆ ಮೊದಲು ಕೈಮುಗಿಯುತ್ತೇನೆ.

ಜ್ವರದಿಂದ ನಡುಗುತ್ತಿದ್ದ ಕೂಸೊಂದರ ರಕ್ತಕಣದೊಳಗೆ ಆ ಮೈಯಲ್ಲಿ ಉಳಿದಿದ್ದ ಒಂದೇ ಒಂದು ಮಲೇರಿಯಾ ಜೀವಿ ಅಡಗಿತ್ತು. ಕಣ ಒಡೆಯುವ ಮುಂಚೆ ಅದು ತನ್ನ ವಂಶದ ಎಳೆಯಾದ ಡಿಎನ್‌ಎಯನ್ನು ಮರಿಗೊಂದರಂತೆ ನಕಲು ಮಾಡಿಸಬೇಕಿತ್ತು. ಅದಕ್ಕೆ ಎರಡು ಕಿಣ್ವಗಳಿದ್ದವು. ಒಂದು ಹೊಸ ಎಳೆ ಹೆಣೆಯುತ್ತಿತ್ತು. ಇನ್ನೊಂದು ಹಿಂದೆಯೇ ಬಂದು ತಪ್ಪಿದ ಹೆಣಿಗೆಯನ್ನು ಬಿಚ್ಚಿ ತಿದ್ದುತ್ತಿತ್ತು.

“ಔಷಧಿ ಬರ್ತಿದೆಯಂತೆ! ಬೇಗ, ಬೇಗ!” ಎಂದು ಜೀವಿ ಚಡಪಡಿಸಿತು.

“ಒಡೆಯಾ, ಇಲ್ಲೊಂದು ತಪ್ಪಿದೆ. ಬಿಚ್ಚುತ್ತೇನೆ,” ಎಂದಿತು ತಿದ್ದುವ ಕಿಣ್ವ.

“ನಿಂದು ಯಾವಾಗಲೂ ಬಿಚ್ಚೋದೇ ಆಯ್ತು! ಮನೆ ಹೊತ್ತಿ ಉರಿಯುವಾಗ ಯಾರಾದರೂ ರಂಗೋಲಿ ತಿದ್ದುತ್ತಾರಾ? ನಡಿ ಆಚೆ!”

ಹೆಣೆಯುವ ಕಿಣ್ವ ಅಂಜುತ್ತ ಹೇಳಿತು: “ನನ್ನ ಕೈ ತಪ್ಪುವುದುಂಟು ಒಡೆಯಾ. ಅದು ಜೊತೆಗಿರಲಿ.”

“ನೀನು ಸುಮ್ಮನೆ ಹೆಣೆ!”

“ಹೋಗುತ್ತೇನೆ,” ಎಂದಿತು ತಿದ್ದುವ ಕಿಣ್ವ. “ಆದರೆ ತಪ್ಪು ಎಲ್ಲಿದೆ ನೋಡಿ. ಎಳೆ ಹೆಣೆಯುವ ಕಿಣ್ವವನ್ನು ಹುಟ್ಟಿಸುವ ಜೀನಿನಲ್ಲೇ ಇದೆ.”

ಜೀವಿ ನೋಡಲಿಲ್ಲ. ಆ ತಪ್ಪು ನಕಲನ್ನೇ ನೋಡಿಕೊಂಡು ಉಳಿದ ನಕಲುಗಳೆಲ್ಲ ಆದವು. ಕಣ ಒಡೆಯಿತು. ಮರಿಗಳು ಹೊಸ ಕಣಗಳಿಗೆ ನುಗ್ಗಿ ಕೊಬ್ಬಿದವು. ಆದರೆ ನಕಲು ಮಾಡಿಸುವ ಸರದಿ ಅವುಗಳಿಗೆ ಬಂದಾಗ, ಒಳಗೆ ಹುಟ್ಟಿದ ಹೆಣೆಯುವ ಕಿಣ್ವಕ್ಕೆ ಎಳೆ ಹಿಡಿಯಲೂ ಬರಲಿಲ್ಲ. ಆ ಕುಲ ಅಲ್ಲಿಗೇ ನಿಂತಿತು.

ಔಷಧಿ ಇನ್ನೂ ದಾರಿಯಲ್ಲೇ ಇತ್ತು. ಜ್ವರ ಇಳಿದು ಕೂಸು ಕಣ್ಣು ಬಿಟ್ಟು ಗಂಜಿ ಕೇಳಿತು.

ಅವಸರದಲ್ಲೂ ತಪ್ಪು ತೋರಿಸುವವರು ನಿಮ್ಮ ಪಕ್ಕದಲ್ಲಿರಲಿ. ಕಥೆ ಕೇಳಿದ ನಿಮ್ಮೆಲ್ಲರ ಮಕ್ಕಳನ್ನು ದೇವರು ಜ್ವರದಿಂದ ಕಾಯಲಿ, ನಿಮ್ಮ ಹೊಟ್ಟೆ ತಣ್ಣಗಿರಲಿ.