ಹುಂಜದ ಐದನೆಯ ಓವರ್

ಇಪ್ಪತ್ತು ಓವರಿನ ಆಟದಲ್ಲಿ ಹುಂಜ ನಾಲ್ಕು ಓವರ್ ಎಸೆದು, ಒಂದೂ ವಿಕೆಟ್ ಸಿಗದೆ ನಿಂತಿತ್ತು. ಅಂಪೈರ್ ಕೊಕ್ಕರೆ ತನ್ನ ಬಳಿ ಇಟ್ಟುಕೊಂಡಿದ್ದ ಹುಂಜದ ಟೋಪಿಯನ್ನು ಚಾಚಿ, "ನಿಮ್ಮ ಪಾಲು ಮುಗಿಯಿತು," ಎಂದಿತು.

"ನನ್ನ ಕೈಚಳಕ ಶುರುವಾಗುವುದೇ ಐದನೆಯ ಓವರಿಗೆ. ಈ ಹಾಳು ನಿಯಮ ಪ್ರತಿಭೆಯ ಕತ್ತು ಹಿಸುಕುತ್ತದೆ," ಎಂದು ಹುಂಜ ಗೊಣಗಿತು. ಐವತ್ತು ಓವರಿನ ಆಟದಲ್ಲಿ ಹತ್ತು ಓವರ್ ಸಿಕ್ಕಾಗ ಕೈಚಳಕ ಹನ್ನೊಂದನೆಯದಕ್ಕೆ ಮುಂದೆ ಹೋಯಿತು.

ನಾಯಕ ಆಮೆ ಎಲ್ಲವನ್ನೂ ಕೇಳಿಸಿಕೊಂಡಿತ್ತು. ಐದು ದಿನದ ಪಂದ್ಯದಲ್ಲಿ ಚೆಂಡನ್ನು ಹುಂಜಕ್ಕೇ ಕೊಟ್ಟು, "ಇಲ್ಲಿ ಮಿತಿಯಿಲ್ಲ, ಮಹಾಶಯರೇ. ಎಸೆಯುತ್ತಿರಿ," ಎಂದಿತು.

ಹದಿನಾಲ್ಕನೆಯ ಓವರಿಗೆ ಹುಂಜದ ಜುಟ್ಟು ಬಾಡಿ ಕಣ್ಣ ಮೇಲೆ ಬಿತ್ತು. ಅದು ಕುಂಟುತ್ತ ಬಂದು, "ನನ್ನ ಟೋಪಿ ಕೊಟ್ಟುಬಿಡಿ," ಎಂದು ಕೊಕ್ಕರೆಯನ್ನು ಬೇಡಿತು.

"ನಾಯಕರನ್ನು ಕೇಳಿ," ಎಂದಿತು ಕೊಕ್ಕರೆ.

"ಪ್ರತಿಭೆಯ ಕತ್ತು ಹಿಸುಕಿದ ಪಾಪ ನನಗೇಕೆ?" ಎಂದಿತು ಆಮೆ. ಹುಂಜ ಸಂಜೆಯವರೆಗೂ ಎಸೆಯಿತು.

ಮುಂದಿನ ಇಪ್ಪತ್ತು ಓವರಿನ ಆಟದಲ್ಲಿ ನಾಲ್ಕನೆಯ ಓವರ್ ಮುಗಿದದ್ದೇ ತಡ, ಹುಂಜ ತಾನಾಗಿ ಓಡಿಬಂದು ಟೋಪಿ ಕಿತ್ತುಕೊಂಡಿತು. ಆಮೆಗೆ ಕೇಳಿಸದಷ್ಟು ದೂರ, ಬೌಂಡರಿ ಗೆರೆಗೆ ಹೋಗಿ ನಿಂತು, ಆಟ ನೋಡುತ್ತಿದ್ದ ಕೋಳಿಗಳಿಗೆ ಹೇಳಿತು: "ಇನ್ನೊಂದೇ ಓವರ್ ಕೊಟ್ಟಿದ್ದರೆ ನೀವು ನೋಡಬೇಕಿತ್ತು."